ಎಲೆಗಾಡಿಯ ಮಿಸ್ಸಿಂಗ್

ಎರಡು ವರ್ಷದ ಹಿಂದಿನ ಮಾತು. ಆ ಗುರುವಾರವೂ ಸವಣೂರಿನ ನಮ್ಮ ಮನೆಯಲ್ಲಿ ಬೆಳಗು ಎಂದಿನಂತೆಯೇ ಆಯಿತು. ಐದಕ್ಕೆ ಎದ್ದು ಅಂಗಳಕ್ಕೆ ನೀರು ಹಾಕಿದೆ, ಹಾಲು ಕಾಯಿಸಿದೆ, ಹಿಂದಿನ ಸಂಜೆ ತೋಟದಿಂದ ಬಂದಿದ್ದ ವೀಳ್ಯದೆಲೆಯ ಕಟ್ಟುಗಳನ್ನು ಒಂದೊಂದಾಗಿ ತಿರುವಿ ನೋಡಿದೆ. ಕಪ್ಪು ಚುಕ್ಕೆಯ ಒಂದೇ ಒಂದು ಎಲೆ ಒಳಗೆ ಉಳಿದರೂ ಅಕ್ಕಪಕ್ಕದ ಎಲೆಗಳು ಕೆಡುತ್ತವೆ. ಆಮೇಲೆ ಕಟ್ಟುಗಳಿಗೆ ಧಾರಾಳವಾಗಿ ನೀರು ಚಿಮುಕಿಸಿ, ಪ್ಲಾಸ್ಟಿಕ್ ಕ್ರೇಟುಗಳಲ್ಲಿ ಜೋಡಿಸಿ, ಮೇಲೆ ಒದ್ದೆ ಗೋಣಿತಟ್ಟು ಹೊದಿಸಿದೆ. ಎಲೆ ವ್ಯಾಪಾರ ನಮ್ಮ ಮನೆಯವರದು. ಎಲೆ ಬಾಡದಂತೆ ನೋಡಿಕೊಂಡು ಆರೂವರೆಗೆ ಗಾಡಿ ಹತ್ತಿಸುವ ಕೆಲಸ ಮದುವೆಯಾಗಿ ಬಂದ ಮರುವರ್ಷದಿಂದಲೂ ನನ್ನದು.

ಆ ದಿನ ಒಂದೇ ವ್ಯತ್ಯಾಸ. ಎಲೆಯ ಜೊತೆ ನಾನೂ ಗಾಡಿ ಹತ್ತುವವಳಿದ್ದೆ.

ಅದು ಹತ್ತೊಂಬತ್ತು ವರ್ಷದ ಹಳೆಯ ಪೆಟ್ರೋಲ್ ಪಿಕಪ್. ಅದರ ಎಂಜಿನ್ ಮುಂದಿನ ಮೂತಿಯಲ್ಲಿಲ್ಲ. ಚಾಲಕನ ಬೆನ್ನ ಹಿಂದೆ, ಸಾಮಾನು ಹೇರುವ ತಳದ ಕೆಳಗೆ ಅಡಗಿ ಕೂತಿದೆ. ಅದನ್ನು ನೋಡಬೇಕೆಂದರೆ ಸಾಮಾನು ಇಳಿಸಿ, ತಳದಲ್ಲಿರುವ ಒಂದು ಮುಚ್ಚಳ ತೆಗೆಯಬೇಕು. ಸೋಮವಾರ ಮತ್ತು ಗುರುವಾರ ಹಾನಗಲ್ಲಿಗೆ, ಶನಿವಾರ ಹಿರೇಕೆರೂರಿಗೆ ಎಲೆ ಹೋಗುತ್ತದೆ. ಬುಧವಾರ ಮಾತ್ರ ಬೇರೆ ಬಾಡಿಗೆ. ಶೇಂಗಾ ಚೀಲ ಹೇರಿಕೊಂಡು ಶಿಗ್ಗಾಂವಿಯ ಎಣ್ಣೆಗಾಣಕ್ಕೆ. ಗಾಡಿ ಓಡಿಸುವವರು ದಸ್ತಗೀರಣ್ಣ. ಹದಿನಾರು ವರ್ಷಗಳಿಂದ ಅವರ ಕೈ ಬಿಟ್ಟರೆ ಬೇರೆ ಕೈ ಆ ಸ್ಟೀರಿಂಗ್ ಮುಟ್ಟಿದ್ದೇ ಅಪರೂಪ.

ಮೂರು ವಾರಗಳಿಂದ ಗಾಡಿ 'ಮಿಸ್ಸಿಂಗ್' ಹೊಡೆಯುತ್ತಿತ್ತು. ಎಂಜಿನ್ನಿನಲ್ಲಿ ಮೂರು ಸಿಲಿಂಡರ್‌ಗಳಿವೆ. ಪ್ರತಿಯೊಂದರಲ್ಲೂ ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸಿ ಪೆಟ್ರೋಲ್ ಹೊತ್ತಿಸಬೇಕು. ಮೂವರು ಹೆಂಗಸರು ಒಂದೇ ಒರಳಲ್ಲಿ ಸರದಿಯಂತೆ ಒನಕೆ ಹಾಕುವುದನ್ನು ನೆನೆಸಿಕೊಳ್ಳಿ. ಒಬ್ಬಳು ಪೆಟ್ಟು ತಪ್ಪಿಸಿದರೆ ತಾಳವೇ ಕೆಡುತ್ತದಲ್ಲ, ಹಾಗೆ. ಗಾಡಿ ಗಡಗಡ ನಡುಗುತ್ತದೆ, ಏರಿನಲ್ಲಿ ಏದುಸಿರು ಬಿಡುತ್ತದೆ.

ಶಿಗ್ಗಾಂವಿಯ ಬಸವರಾಜ ಮಿಸ್ತ್ರಿ ಮೂರು ಸಲ ನೋಡಿದರು. ಪ್ಲಗ್ ಬದಲಿಸಿದರು, ಕಾರ್ಬ್ಯುರೇಟರ್ ತೊಳೆದರು, ಫಿಲ್ಟರ್ ಹೊಸದು ಹಾಕಿದರು. ಅವರ ಗ್ಯಾರೇಜಿಗೆ ಹೋದಾಗಲೆಲ್ಲ ಗಾಡಿ ಶಾಲೆಗೆ ಇನ್‌ಸ್ಪೆಕ್ಟರ್ ಬಂದ ದಿನದ ಮಕ್ಕಳ ಹಾಗೆ ಚೊಕ್ಕವಾಗಿ ನಡೆಯುತ್ತಿತ್ತು. ಮತ್ತೆ ಎಲೆ ಹೇರಿಕೊಂಡು ಹೊರಟರೆ ಅದೇ ಕಥೆ. ಕೊನೆಗೆ ಮಿಸ್ತ್ರಿ, "ಪೆಟ್ರೋಲಿನ್ಯಾಗ ಏನರ ಕೂಡಿರಬೇಕ್ರಿ" ಎಂದರಂತೆ.

ಆ ಮಾತು ನಮ್ಮವರ ತಲೆಯಲ್ಲಿ ಕೂತಿತು. ಮಂಗಳವಾರ ಸಂಜೆ ಪೆಟ್ರೋಲ್ ಬಂಕಿನಲ್ಲಿ, ನಾಲ್ಕು ಜನ ನಿಂತಿದ್ದಾಗ, "ಟಾಕಿನ್ಯಾಗ ಏನ ಕಲಸಾಕತ್ತೀಯೋ ದಸ್ತಗೀರ?" ಎಂದು ಕೇಳಿಯೇಬಿಟ್ಟರು. ನಮ್ಮವರು ಕೆಟ್ಟವರಲ್ಲ. ದನಿ ದೊಡ್ಡದು, ನಾಲಿಗೆ ಅವಸರದ್ದು.

ದಸ್ತಗೀರಣ್ಣ ಮರುದಿನ ಶೇಂಗಾ ಇಳಿಸಿ ಬಂದವರು ಕೀಲಿಯನ್ನು ನನ್ನ ಮುಂದೆ ಕಟ್ಟೆಯ ಮೇಲೆ ಇಟ್ಟರು. "ನಾಳೆ ಹಾನಗಲ್ಲಿಗೆ ಒಂದು ಸರ್ತಿ ಹೋಗಿಬರ್ತೇನ್ರಿ ಅಕ್ಕಾರ. ಎಲಿ ಕೊಯ್ದಾಗೇತಿ, ಕೊಳೀಬಾರ್ದು. ಅದರ ಮ್ಯಾಲ ಬ್ಯಾರೆ ಮಂದೀನ ನೋಡ್ಕೊಳ್ರಿ."

"ಅವರ ಮಾತ ಮನಸಿಗೆ ಹಚ್ಕೋಬ್ಯಾಡ ಅಣ್ಣಾ."

"ಬ್ಯಾರೆ ಮಾತಾದ್ರ ನುಂಗ್ತಿದ್ನಿರಿ. ಇದು ಪೆಟ್ರೋಲ್ ಮಾರ್ಕೊಂಡು ಸೀಮಿಎಣ್ಣಿ ಸುರೀತಾನ, ಕಳ್ಳ ಅಂದಂಗ ಆತಲ್ರಿ."

ಹದಿನಾರು ವರ್ಷದ ಮನುಷ್ಯನ ಹೆಸರು ಒಂದು ಸಂಜೆಯಲ್ಲಿ ಹೋಗುವುದೆಂದರೇನು? ನನಗೆ ತಡೆಯಲಾಗಲಿಲ್ಲ. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನ ಮುಂದೆ ಹೋಗಿ ನಿಂತೆ. ಗಾಡಿ ಕಿರಿಕಿರಿ ಮಾಡಿತೆಂದು ದಸ್ತಗೀರಣ್ಣ ಹೇಳಿದ ದಿನಗಳಿಗೆಲ್ಲ ಪೆನ್ಸಿಲಿನಲ್ಲಿ ಒಂದು ಚುಕ್ಕೆ ಇಡುತ್ತಿದ್ದೆ, ಬರೀ ಅಭ್ಯಾಸದಿಂದ. ಚುಕ್ಕೆಗಳೆಲ್ಲ ಸೋಮವಾರ, ಗುರುವಾರ, ಶನಿವಾರದ ಮನೆಗಳಲ್ಲೇ ಇದ್ದವು. ಬುಧವಾರ ಒಂದೂ ಇಲ್ಲ. ವಿಚಿತ್ರವೆನಿಸಿತು. ಎಲೆಗಿಂತ ಶೇಂಗಾ ಭಾರ, ಆದ್ದರಿಂದ ದೋಷ ಭಾರದ್ದಲ್ಲ. ಟಾಕಿಯಲ್ಲಿರುವುದು ಅದೇ ಪೆಟ್ರೋಲ್. ಕಲಬೆರಕೆ ಇದ್ದಿದ್ದರೆ ಬುಧವಾರ ಅದಕ್ಕೆ ರಜೆಯೇ?

ನಮ್ಮವರಿಗೆ ತೋರಿಸಿದೆ. "ಕ್ಯಾಲೆಂಡರಿನ್ಯಾಗ ಎಂಜಿನ್ ರೋಗ ಸಿಗ್ತೈತೇನು?" ಎಂದು ನಕ್ಕರು. ನಾನೇ ಹೋಗಿ ನೋಡುತ್ತೇನೆ ಎಂದಾಗ ಇನ್ನೂ ಜೋರಾಗಿ ನಕ್ಕರು. "ಹೋಗಿ ಏನ್ ಮಾಡ್ತಿ? ಎಂಜಿನ್ನಿಗೆ ಒಗ್ಗರಣಿ ಹಾಕ್ತಿ?"

ಹೀಗೆ ಗುರುವಾರ ನಾನು ದಸ್ತಗೀರಣ್ಣನ ಪಕ್ಕದಲ್ಲಿ ಕೂತೆ. ಊರು ದಾಟಿ ಹತ್ತು ಹನ್ನೆರಡು ಕಿಲೋಮೀಟರ್ ಗಾಡಿ ಸೊಗಸಾಗಿ ಓಡಿತು. ನಾನು ಕನ್ನಡಿಗೆ ಕಟ್ಟಿದ ಬಣ್ಣಗೆಟ್ಟ ರಿಬ್ಬನ್ನು, ಗೇರಿನ ಗುಂಡಿಯ ಮೇಲೆ ದಸ್ತಗೀರಣ್ಣನ ಅಂಗೈ ಸವೆಸಿದ ನುಣುಪು ನೋಡುತ್ತ ಕೂತಿದ್ದೆ. ಬಂಕಾಪುರ ದಾಟಿದ ಮೇಲೆ ಮೂಗಿಗೆ ಏನೋ ಬಡಿಯಿತು. ಮನೆಯಲ್ಲಿ ಯಾರಿಗಾದರೂ ಕೆಮ್ಮಾದರೆ ನಾನು ವೀಳ್ಯದೆಲೆ, ಮೆಣಸು ಹಾಕಿ ಕಷಾಯ ಕುದಿಸುತ್ತೇನೆ. ಅದೇ ವಾಸನೆ, ಮೆಣಸು ಮಾತ್ರ ಇಲ್ಲ.

"ಅಣ್ಣಾ, ಕಷಾಯದ ವಾಸನಿ ಬರಾಕತ್ತೇತಲ್ಲ?"

"ಎಲಿಗಾಡಿರಿ ಇದು. ಎಲಿ ವಾಸನಿ ಬರದ ಮಲ್ಲಿಗಿ ವಾಸನಿ ಬರ್ತೈತೇನ್ರಿ?"

"ಹಸಿ ಎಲಿ ವಾಸನಿ ಅಲ್ಲ. ಕುದ್ದ ಎಲೀದು."

ಅವರು ಎರಡು ಸಲ ಮೂಗೆಳೆದುಕೊಂಡರು. "ಹೌದ್ರಿ. ನನ್ನ ಮೂಗಿಗೆ ರೂಢಿ ಆಗಿಬಿಟ್ಟೇತಿ."

ಎರಡು ನಿಮಿಷವಾಗಿರಬಹುದು. ಗಾಡಿ ಒಮ್ಮೆ ಬಿಕ್ಕಿತು. ಆಮೇಲೆ ಗಡಗಡ ಶುರುವಾಯಿತು. ಎಲೆ ಎಲ್ಲೋ ಕುದಿಯುತ್ತಿದೆ, ಅದು ಕುದಿಯಲು ಶುರುವಾದ ಮೇಲೆಯೇ ಎಂಜಿನ್ ತಪ್ಪುತ್ತಿದೆ!

"ನಿಂದರಸು ಅಣ್ಣಾ!"

ರಸ್ತೆ ಬದಿಯ ಬೇವಿನ ಮರದ ಕೆಳಗೆ ನಿಲ್ಲಿಸಿದೆವು. ಎಂಜಿನ್ ಆಫ್ ಮಾಡಿದ ಮೇಲೂ ಹಿಂದಿನಿಂದ ಬಿಸಿ ಹಂಚಿಗೆ ನೀರು ಬಿದ್ದಂತೆ ಚುಂಯ್ ಚುಂಯ್ ಎನ್ನುತ್ತಿತ್ತು. ಮುಂದಿನ ಸಾಲಿನ ನಾಲ್ಕು ಕ್ರೇಟು ಇಳಿಸಿದೆವು. ತಳದಲ್ಲಿ ನೀರು ನಿಂತು ಮುಚ್ಚಳದ ಅಂಚಿನಿಂದ ಒಳಕ್ಕೆ ಇಳಿಯುತ್ತಿತ್ತು. ಮುಚ್ಚಳದ ಸುತ್ತ ಇರಬೇಕಾದ ರಬ್ಬರ್ ಒಣಗಿ, ಕರಿದ ಹಪ್ಪಳದಂತೆ ಮುರಿದು, ಅರ್ಧ ಎಲ್ಲೋ ಬಿದ್ದುಹೋಗಿತ್ತು. ದಸ್ತಗೀರಣ್ಣ ಸ್ಕ್ರೂ ತಿರುಗಿಸಿ ಮುಚ್ಚಳ ಎತ್ತಿದರು. ಮಧ್ಯದ ಸಿಲಿಂಡರಿನ ಪ್ಲಗ್ ವೈರಿಗೆ ಒಂದು ಎಲೆಯ ತುಣುಕು ಅಂಟಿಕೊಂಡಿತ್ತು, ಬೆಂದು ಕಂದಾಗಿ. ಸುತ್ತಲೂ ನೀರ ಹನಿ.

ಪ್ಲಗ್ಗಿಗೆ ಬರುವ ಕರೆಂಟು ಸಾವಿರಾರು ವೋಲ್ಟಿನದು. ವೈರು ಒದ್ದೆಯಾದರೆ ಕಿಡಿಯಾಗುವ ಮೊದಲೇ ಆ ಒದ್ದೆಯ ದಾರಿ ಹಿಡಿದು ಎಂಜಿನ್ನಿನ ಕಬ್ಬಿಣಕ್ಕೆ ಇಳಿದುಬಿಡುತ್ತದೆ. ಗಾಡಿ ಎಲೆ ಇಳಿಸಿ, ಖಾಲಿಯಾಗಿ ಗ್ಯಾರೇಜು ಮುಟ್ಟುವಷ್ಟರಲ್ಲಿ ಎಂಜಿನ್ನಿನ ಶಾಖಕ್ಕೆ ಎಲ್ಲವೂ ಒಣಗಿರುತ್ತಿತ್ತು. ಮಿಸ್ತ್ರಿ ಮುಚ್ಚಳ ತೆಗೆದಾಗಲೆಲ್ಲ ಕಂಡದ್ದು ಒಣ ವೈರು.

ಆದರೂ ಖಾತ್ರಿಯಾಗಬೇಕಿತ್ತು. ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ನಮಗೆ ವಿಜ್ಞಾನ ಕಲಿಸುತ್ತಿದ್ದ ಸಿಸ್ಟರ್, ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಿ ಎನ್ನುತ್ತಿದ್ದರು. ವೈರನ್ನು ಒಣಬಟ್ಟೆಯಿಂದ ಒರೆಸಿ ಗಾಡಿ ಚಾಲೂ ಮಾಡಿದೆವು. ತಾಳ ತಪ್ಪಲಿಲ್ಲ. ಮತ್ತೆ ಆಫ್ ಮಾಡಿ, ಮುಚ್ಚಳ ಹಾಕಿ, ಮೇಲೆ ಒಂದು ಚೆಂಬು ನೀರು ಸುರಿದು ಚಾಲೂ ಮಾಡಿದೆವು. ತುಸು ಹೊತ್ತಿಗೆ ಗಡಗಡ. ಒರೆಸಿದೆವು, ನಡುಕ ನಿಂತಿತು. ಹಾಗೆ ಎರಡು ಸಲ ಮಾಡಿದೆವು. ಎರಡನೆಯ ಸಲ ಬೇಕಿರಲಿಲ್ಲ, ಸಂತೋಷಕ್ಕೆ ಮಾಡಿದ್ದು.

"ಆದ್ರ ಅಕ್ಕಾರ," ದಸ್ತಗೀರಣ್ಣ ತಲೆ ಕೆರೆದುಕೊಂಡರು, "ಇಷ್ಟ ವರ್ಷ ಎಲಿ ಹೇರೇನಿ. ಎಲಿಗೆ ನೀರ ಹಾಕೋದು ಹೊಸಾದಲ್ಲ. ಈಗ್ಯಾಕ?"

ನನ್ನ ನಗು ಅಲ್ಲಿಗೆ ನಿಂತಿತು. ಮೊದಲು ಎಲೆ ಹೋಗುತ್ತಿದ್ದುದು ಬಿದಿರಿನ ಬುಟ್ಟಿಯಲ್ಲಿ. ಒಳಗೆ ದಪ್ಪಗೆ ಬಾಳೆಲೆ ಹಾಸಿರುತ್ತಿದ್ದುದರಿಂದ ನೀರು ಅದರಲ್ಲೇ ನಿಲ್ಲುತ್ತಿತ್ತು. ಬಾಳೆಲೆಯ ಚೂರು ಪ್ರತಿ ಸಲವೂ ಅಂಗಳ ತುಂಬುತ್ತದೆ, ಗುಡಿಸಿ ಸಾಕಾಗಿದೆ ಎಂದು ಹಟ ಹಿಡಿದು, ತಳದಲ್ಲಿ ಜಾಲರಿಯಿರುವ ಪ್ಲಾಸ್ಟಿಕ್ ಕ್ರೇಟು ತರಿಸಿದವಳು ನಾನು. ಸರಿಯಾಗಿ ಮೂರು ವಾರದ ಹಿಂದೆ. ಕ್ಯಾಲೆಂಡರಿನ ಮುಂದೆ ಅಷ್ಟು ಹೊತ್ತು ನಿಂತರೂ ಅದೊಂದು ನನಗೆ ಹೊಳೆದಿರಲಿಲ್ಲ.

ಹೇಳಿದೆ. ದಸ್ತಗೀರಣ್ಣ ನನ್ನನ್ನೂ ಕ್ರೇಟನ್ನೂ ನೋಡಿ, ಆ ದಿನ ಮೊದಲ ಸಲ ನಕ್ಕರು. "ಹಂಗಾರ ಗಾಡಿಗೆ ದಿನಾ ಎಲಿ ತಿನ್ನಸಾಕತ್ತಿದ್ದವರು ನೀವ!"

ಮಳೆ ಬಂದರೆ ಹೊದಿಸಲೆಂದು ಗಾಡಿಯಲ್ಲಿಟ್ಟಿದ್ದ ತಾಡಪತ್ರಿ ಮಡಚಿ ಕ್ರೇಟುಗಳ ಅಡಿಗೆ ಹಾಸಿಕೊಂಡು ಹೊರಟೆವು. ಹಾನಗಲ್ಲಿನವರೆಗೆ ಒಂದು ಬಿಕ್ಕಳಿಕೆಯೂ ಇಲ್ಲ.

ಮಧ್ಯಾಹ್ನ ಮನೆಯಲ್ಲಿ ಎಲ್ಲವನ್ನೂ ಕೇಳಿದ ನಮ್ಮವರು ತಾವೇ ಮುಚ್ಚಳ ಎತ್ತಿ ನೋಡಿದರು. ಒಳಗೆ ಬಂದು ಕೂತು, ಚಹಾದ ಕಪ್ಪನ್ನೂ ಗಾಡಿಯ ಕೀಲಿಯನ್ನೂ ತಾವೇ ಮುಂದೆ ಸರಿಸಿ, "ಆತು ಬಿಡೋ ದಸ್ತಗೀರ. ನಂದ ತಪ್ಪಾತು. ಕೀಲಿ ತಗೋ" ಎಂದರು.

ದಸ್ತಗೀರಣ್ಣ ಚಹಾ ಕುಡಿದರು. ಕೀಲಿ ಮುಟ್ಟಲಿಲ್ಲ. "ಅಂದದ್ದು ಬಂಕಿನ್ಯಾಗ್ರಿ ಸಾವ್ಕಾರ್ರ. ಇಲ್ಲಿ ಅಂದ್ರ ಅಲ್ಲಿದ್ದ ಮಂದಿಗೆ ಹೆಂಗ ಕೇಳಸ್ತೈತಿ?"

ಹೇಳಿ, ಹೊರಗೆ ಹೋಗಿ ಗಾಡಿಯ ಪಕ್ಕ ನಿಂತರು. ನಮ್ಮವರು ಕೈಯ ಉಂಗುರ ಒಮ್ಮೆ ತಿರುಗಿಸಿ ಎದ್ದು, ಚಪ್ಪಲಿ ಮೆಟ್ಟಿ, ಕೀಲಿ ತೆಗೆದುಕೊಂಡು ಹೊರಟರು. ಇಬ್ಬರೂ ಗಾಡಿಯಲ್ಲಿ ಹೋದದ್ದು ಕಂಡಿತು. ಎಲ್ಲಿಗೆಂದು ಕೇಳುವ ಧೈರ್ಯ ನನಗಾಗಲಿಲ್ಲ.

ಆ ದಿನದಿಂದ ನನ್ನ ಕೆಲಸದಲ್ಲಿ ಒಂದು ರೂಢಿ ಬಂದಿದೆ. ಏನಾದರೂ ಕೆಟ್ಟರೆ, ಅದು ಕೆಡದೆ ಇದ್ದ ದಿನ ಯಾವುದು ಎಂದು ಮೊದಲು ನೋಡುತ್ತೇನೆ. ಇತ್ತೀಚೆಗೆ ಬದಲಾದದ್ದು ಏನು, ಬದಲಿಸಿದವರು ಯಾರು ಎಂದು ಆಮೇಲೆ ಕೇಳಿಕೊಳ್ಳುತ್ತೇನೆ. ಆ 'ಯಾರು' ಎಂಬಲ್ಲಿ ನನ್ನ ಹೆಸರನ್ನೂ ಸೇರಿಸುತ್ತೇನೆ. ಬೇರೆಯವರ ಹೆಸರು ಬಾಯಿಗೆ ಬರುವುದು ಅದಕ್ಕೂ ಆಮೇಲೆ.

ಅದೇ ಗುರುವಾರ ಸಂಜೆ ಕ್ರೇಟು ತೊಳೆದು ಗೋಡೆಗೆ ಒರಗಿಸುತ್ತಿದ್ದೆ. ಗಾಡಿ ಇನ್ನೂ ಬಂದಿರಲಿಲ್ಲ. ಪಕ್ಕದ ಮನೆಯ ಶಾಂತಕ್ಕ ಕಂಪೌಂಡಿನ ಆಚೆ ಹಗ್ಗದ ಮೇಲಿನ ಬಟ್ಟೆ ತೆಗೆಯುತ್ತಿದ್ದವರು, ನನ್ನ ಕಡೆ ತಿರುಗದೆಯೇ ಅಂದರು:

"ಅಲ್ಲವಾ, ಗಾಡಿ ಕೆಡಿಸಿದಾಕಿ ನೀನ ಅಂತಲ್ಲ? ನಿಮ್ಮವ್ರು ಬಂಕಿನ್ಯಾಗ ನಿಂತು ಬಂದ ಬಂದವರಿಗೆಲ್ಲ ಹೇಳಾಕತ್ತಾರಂತ, ದಸ್ತಗೀರ ಬಾಜೂಕ ನಿಂತು ನಗಾಕತ್ತಾನಂತ."