ಮಾವನ ಎದುರಿನ ಖುರ್ಚಿ

ಬೆಟಗೇರಿಯ ಸಿದ್ಧ ಉಡುಪಿನ ಕಾರ್ಖಾನೆಯ ನೋಟಿಸ್ ಬೋರ್ಡಿಗೆ ಹಚ್ಚಿದ್ದ ಹಾಳೆಯನ್ನು ಮೈಲಾರಪ್ಪನವರು ಮೂರು ಸಲ ಓದಿದರು. ಮೊದಲ ಸಲ ಕನ್ನಡಕವಿಲ್ಲದೆ, ಎರಡನೆಯ ಸಲ ಕನ್ನಡಕ ಹಾಕಿಕೊಂಡು, ಮೂರನೆಯ ಸಲ ಅದನ್ನು ಒರೆಸಿಕೊಂಡು. ಮೂರು ಸಲವೂ ಅದರಲ್ಲಿ ಒಂದೇ ಸಂಗತಿಯಿತ್ತು. ಬರುವ ಸೋಮವಾರದಿಂದ ಈ ಯುನಿಟ್ಟಿಗೆ ಮ್ಯಾನೇಜರ್ ನೀಲಾ. ಆರು ತಿಂಗಳು ನೋಡುವುದು. ಕೆಲಸ ಸರಿಬಂದರೆ ಕಾಯಂ, ಇಲ್ಲವಾದರೆ ಮತ್ತೆ ಸೂಪರ್‌ವೈಸರ್.

ನೀಲಾ ಅವರ ಸೊಸೆ. ಆ ಬೆಳಿಗ್ಗೆ ಅವರ ಡಬ್ಬಿಗೆ ರೊಟ್ಟಿ ಕಟ್ಟಿಕೊಟ್ಟವಳು.

ಮೈಲಾರಪ್ಪನವರು ಆ ಕಾರ್ಖಾನೆಯ ಟೈಮ್ ಕೀಪರ್. ಬರುವವರ ಹಾಜರಿ ಹಾಕುವುದು, ತಡವಾಗಿ ಬಂದವರ ಹೆಸರಿನ ಮುಂದೆ ಕೆಂಪು ಗೆರೆ ಎಳೆಯುವುದು ಅವರ ಕೆಲಸ. ಅದಕ್ಕೂ ಮೊದಲು ಇಪ್ಪತ್ತೆರಡು ವರ್ಷ ಗದಗಿನ ಒಂದು ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಕಾರಕೂನರಾಗಿದ್ದರು. ಮಿಲ್ಲು ಮುಚ್ಚಿದ ದಿನ ಉಳಿದವರೆಲ್ಲ ಕಣ್ಣೀರು ಹಾಕಿದರೆ, ಇವರು ಮಾಲೀಕರನ್ನು ಕೇಳಿ ತಮ್ಮ ಸಾಗವಾನಿ ಖುರ್ಚಿಯನ್ನು ಟಂಟಂ ರಿಕ್ಷಾದಲ್ಲಿ ಹೇರಿಕೊಂಡು ತಮ್ಮೂರು ಹರ್ತಿಗೆ ಬಂದರು. ಹೊಸ ನೌಕರಿ ಕೇಳಲು ಹೋದಾಗ ಪಗಾರದ ಮಾತಿಗಿಂತ ಮೊದಲು, "ಖುರ್ಚಿ ನಂದ ತರಲೇನ್ರಿ?" ಎಂದಿದ್ದರಂತೆ. ಹೀಗಾಗಿ ನೌಕರಿ ಬದಲಾದರೂ ಅವರ ಮಟ್ಟಿಗೆ ಏನೂ ಬದಲಾಗಿರಲಿಲ್ಲ. ಆ ಖುರ್ಚಿಯಿಂದ ನೋಡಿದರೆ ಜಗತ್ತು ಹಿಂದಿನಂತೆಯೇ ಒಂದು ಗೇಣು ಕೆಳಗೆ ಕಾಣುತ್ತಿತ್ತು.

ನೀಲಾಳನ್ನು ಅಲ್ಲಿಗೆ ಕರೆತಂದವರೂ ಅವರೇ. ಮದುವೆಯಾಗಿ ಬಂದ ಎರಡನೆಯ ವರ್ಷ, "ದಾರ ಕತ್ತರಸೂ ಕೆಲಸ ಐತಿ, ಮನ್ಯಾಗ ಕುಂತ ಏನ್ ಮಾಡ್ತಾಳ" ಎಂದು ಹೆಲ್ಪರಾಗಿ ಸೇರಿಸಿದ್ದರು. ಅವಳು ದಾರ ಕತ್ತರಿಸುತ್ತ ಮಷಿನ್ ಕಲಿತಳು, ಮಷಿನ್ ನಡೆಸುತ್ತ ಬಿ.ಎ. ಮುಗಿಸಿದಳು, ಸೂಪರ್‌ವೈಸರ್ ಆದಳು, ಕಂಪ್ಯೂಟರ್ ಕಲಿತಳು. ಹನ್ನೊಂದು ವರ್ಷ ಇದೆಲ್ಲ ಮೈಲಾರಪ್ಪನವರ ಕಣ್ಣೆದುರೇ ನಡೆದಿತ್ತು. ಅವರು ಮಾತ್ರ ಅವಳು ಎಷ್ಟು ಗಂಟೆಗೆ ಬಂದಳೆಂಬುದನ್ನಷ್ಟೇ ಬರೆದುಕೊಂಡಿದ್ದರು.

ಮನೆಗೆ ಬಂದವರೇ ಹೆಂಡತಿ ಮರಿಯವ್ವನ ಮುಂದೆ ಉಸಿರು ಬಿಟ್ಟರು.

"ಕೇಳಿದೇನು? ನಿನ್ನ ಸೊಸಿ ಮ್ಯಾನೇಜರ್ ಆಗ್ಯಾಳಂತ!"

"ಗೊತ್ತೈತಿ. ನಿನ್ನೆನ ಹೇಳ್ಯಾಳ."

"ಮತ್ತ ನನಗ್ಯಾಕ ಹೇಳಲಿಲ್ಲ?"

"ನೋಟಿಸ್ ಹಚ್ಚದ ನೀವು ಏನೂ ನಂಬೂದಿಲ್ಲಲ್ಲ."

ಮ್ಯಾನೇಜರ್ ಕೋಣೆಗೆ ಗಾಜಿನ ಗೋಡೆ. ಅದರ ಎದುರಿಗೆ ಹತ್ತೇ ಹೆಜ್ಜೆಗೆ ಮೈಲಾರಪ್ಪನವರ ಟೇಬಲ್ಲು. ಸೋಮವಾರ ನೀಲಾ ಒಳಗೆ ಹೋಗಿ ತಿರುಗುವ ಖುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟಳು. ಗಾಜಿನಾಚೆ ಮಾವ ಕಂಡರು. ಸೆರಗನ್ನು ತಲೆಗೆ ಎಳೆದುಕೊಂಡವಳು ನಿಂತೇ ಬಿಟ್ಟಳು. ಹರ್ತಿಯ ಆ ಮನೆಯಲ್ಲಿ ಸೊಸೆಯಾದವಳು ಮಾವನ ಎದುರು ಖುರ್ಚಿಯ ಮೇಲೆ ಕೂಡುವುದಿಲ್ಲ. ಮರಿಯವ್ವ ಕೂತಿರಲಿಲ್ಲ, ಮರಿಯವ್ವನ ಅತ್ತೆಯೂ ಕೂತಿರಲಿಲ್ಲ. ಸೂಪರ್‌ವೈಸರ್ ಆಗಿದ್ದಾಗ ಹೊಲಿಗೆಯ ಸಾಲುಗಳ ನಡುವೆ ಓಡಾಡುವುದೇ ಕೆಲಸವಾಗಿದ್ದರಿಂದ ಈ ಪ್ರಶ್ನೆ ಎದ್ದಿರಲಿಲ್ಲ.

ನೋಟಿಸ್ ಓದಿದಾಗಿನಿಂದ ನೆಮ್ಮದಿಯಿಲ್ಲದ ಮೈಲಾರಪ್ಪನವರಿಗೆ ಆಗ ಸಮಾಧಾನವಾಯಿತು. ಸಂಜೆ ಚಹಾದಂಗಡಿಯಲ್ಲಿ ಕೇಳಿದವರಿಗೂ ಕೇಳದವರಿಗೂ ಹೇಳಿದರು: "ಮ್ಯಾನೇಜರ್ ಆದ್ರೇನಾತು? ನನ್ನ ಮುಂದ ನಿಂದರ್ತಾಳ!"

ನಿಂತಳು, ಐದು ತಿಂಗಳು ನಿಂತಳು. ಬಗ್ಗಿ ಟೈಪ್ ಮಾಡಿದಳು, ಫೈಲನ್ನು ಕಪಾಟಿನ ಮೇಲಿಟ್ಟು ಸಹಿ ಹಾಕಿದಳು. ಹೊಲಿದ ಬಟ್ಟೆ ಹೊತ್ತಿಗೆ ಸರಿಯಾಗಿ ಹೊರಗೆ ಹೋಗುತ್ತಿತ್ತು, ಕೂತು ಬರೆಯಬೇಕಾದ ರಿಪೋರ್ಟುಗಳು ಮಾತ್ರ ವಾರಗಟ್ಟಲೆ ಹಿಂದೆ ಬಿದ್ದವು. ಮನೆಯಲ್ಲಿ ಮರಿಯವ್ವ ಸೊಸೆಯ ಬಾತ ಪಾದಕ್ಕೆ ಉಪ್ಪು ಹಾಕಿದ ಬಿಸಿನೀರು ಕೊಡುತ್ತ ಗಂಡನಿಗೆ ಕೇಳುವಂತೆ ಹೇಳಿದಳು:

"ಆ ಖುರ್ಚಿ ಒಂದೀಟು ತಿರುವಿ ಇಡ್ರಿ. ಗ್ವಾಡಿ ಕಡೆ ಮಾರಿ ಮಾಡಿ ಕುಂಡ್ರಿ. ಆಕಿನೂ ಕುಂಡ್ರತಾಳ."

"ಗ್ವಾಡಿಗೆ ಮಾರಿ ಮಾಡಾಕ ನಾ ಏನ್ ತಪ್ಪ ಮಾಡೇನಿ?"

ಆರನೆಯ ತಿಂಗಳಲ್ಲಿ ಬೆಂಗಳೂರಿನ ಮುಖ್ಯ ಕಚೇರಿಯಿಂದ ನಯಾಜ ಸಾಹೇಬರು ಬಂದರು. ಕಂಪನಿಯ ಹೆಣ್ಣುಮಕ್ಕಳನ್ನು ದೊಡ್ಡ ಹುದ್ದೆಗೆ ಏರಿಸುವ ಹೊಣೆ ಅವರದು. ಅದರ ಬಗ್ಗೆ ಮಾತಾಡಲು ನಿಂತರೆ ಅವರು ನೀರು ಕುಡಿಯಲಿಕ್ಕೂ ನಿಲ್ಲಿಸುತ್ತಿರಲಿಲ್ಲ.

"ಮೇಡಂ, ನೀವು ದಿನವಿಡೀ ಕೂರೋದೇ ಇಲ್ವಂತೆ?"

"ಇಲ್ರಿ," ಎಂದಳು ನೀಲಾ, ನೆಲ ನೋಡುತ್ತ.

"ಯಾಕೆ ಅಂತ ನಾನು ಕೇಳಲ್ಲ. ನನಗೆ ಅರ್ಥ ಆಯ್ತು!" ಎಂದು ಅವರು ಅವಳ ನಾಲ್ಕು ಫೋಟೋ ತೆಗೆದುಕೊಂಡರು. "ಇದಕ್ಕೆ ಸ್ಟ್ಯಾಂಡಿಂಗ್ ಲೀಡರ್‌ಶಿಪ್ ಅಂತಾರೆ. ಆದ್ರೆ ರಿಪೋರ್ಟುಗಳು ತುಂಬಾ ತಡ. ಹದಿನೈದು ದಿನದೊಳಗೆ ಎಲ್ಲ ಕಳಿಸಿ. ಇಲ್ಲಾಂದ್ರೆ ಕಾಯಂ ಮಾಡೋದು ನನ್ನ ಕೈಲಿ ಆಗಲ್ಲ."

ನಾಲ್ಕನೆಯ ದಿನ ಸುತ್ತೋಲೆ ಬಂತು. ಬೆಟಗೇರಿಯ ಮಾದರಿಯಲ್ಲಿ ಕಂಪನಿಯ ಒಂಬತ್ತೂ ಯುನಿಟ್ಟುಗಳಲ್ಲಿ ಒಂದು ತಿಂಗಳು ಮಷಿನ್ ನಡೆಸುವವರ ಹೊರತು ಯಾರಿಗೂ ಖುರ್ಚಿ ಇರತಕ್ಕದ್ದಲ್ಲ. ಸುತ್ತೋಲೆಯ ಹಿಂದೆಯೇ ಟೆಂಪೋ ಬಂತು. ಹಮಾಲನೊಬ್ಬ ಸಾಗವಾನಿ ಖುರ್ಚಿಗೆ ಕೈ ಹಾಕಿದಾಗ ಮೈಲಾರಪ್ಪನವರ ಜೀವ ಬಾಯಿಗೆ ಬಂತು.

"ಏ ತಮ್ಮಾ, ಅದು ಕಂಪನೀದಲ್ಲೋ, ನಂದು!"

"ಖುರ್ಚಿ ತರ್ರಿ ಅಂತ ಬರದಾರ್ರಿ ಅಜ್ಜಾರ. ಯಾರದು ಅಂತ ಬರದಿಲ್ಲ."

ಹೊರಗೆ ಹೋಗುವ ಸಾಮಾನನ್ನು ಬರೆದುಕೊಳ್ಳುವವರೂ ಮೈಲಾರಪ್ಪನವರೇ. ಇಪ್ಪತ್ತೆರಡು ವರ್ಷ ಅಲ್ಲಿ, ಹದಿಮೂರು ವರ್ಷ ಇಲ್ಲಿ ತಮ್ಮನ್ನು ಹೊತ್ತಿದ್ದ ಖುರ್ಚಿಯನ್ನು ಅವರು ತಮ್ಮ ಕೈಯಾರೆ, ನಿಂತುಕೊಂಡೇ, ಹೊರಗೆ ಹೋದ ಸಾಮಾನಿನ ಲೆಕ್ಕಕ್ಕೆ ಬರೆದು ಹಾಕಿದರು.

ಮೊದಲ ದಿನ ಹನ್ನೊಂದು ಗಂಟೆಯವರೆಗೆ ಗತ್ತಿನಿಂದ ನಿಂತರು. ಆಮೇಲೆ ಗೋಡೆಗೆ ಆನಿಕೊಂಡರು. ಎರಡನೆಯ ದಿನ ಗೋಡೆಯೂ ಸಾಲಲಿಲ್ಲ. ಮೂರನೆಯ ದಿನ ಸೂಪರ್‌ವೈಸರ್ ಶಾಹಿಸ್ತಾ ಹಾಜರಿ ಹಾಕಿಸುತ್ತ ಕೇಳಿದಳು:

"ಹ್ಯಾಂಗೈತ್ರಿ ಕಾಕಾ, ಲೀಡರ್‌ಶಿಪ್?"

"ಎರಡೂ ಮಣಕಾಲಾಗ ಐತವ್ವಾ."

"ನೀಲಕ್ಕ ಇದನ್ನ ಐದು ತಿಂಗಳ ಮಾಡ್ಯಾಳ್ರಿ. ಈಗಂತೂ ಆಕಿಗೆ ಕುಂಡ್ರಾಕ ಖುರ್ಚಿನೂ ಇಲ್ಲ. ಇನ್ನ ಎಂಟ ದಿನ ಉಳದಾವ, ಆಮ್ಯಾಲ ಹೊಳ್ಳಿ ಸೂಪರ್‌ವೈಸರ್. ನಿಮಗ ಗೊತ್ತಿಲ್ಲೇನ್ರಿ?"

ಗೊತ್ತಿತ್ತು. ನೋಟಿಸನ್ನು ಮೂರು ಸಲ ಓದಿದವರು ಅವರು. ಉಳಿದ ದಿನಗಳು ಬೇಗ ಮುಗಿಯಲಿ, ಎಲ್ಲ ಮೊದಲಿನಂತಾಗಲಿ ಎಂದು ತಾವು ಒಳಗೊಳಗೇ ಕಾಯುತ್ತಿದ್ದದ್ದು ಆಗ ಅವರಿಗೆ ಹೊಳೆಯಿತು. ಗಾಜಿನಾಚೆ ಸೊಸೆ ಬಗ್ಗಿ ಏನೋ ಬರೆಯುತ್ತಿದ್ದಳು, ಒಂದು ಕೈ ಸೊಂಟದ ಮೇಲಿತ್ತು. ಮೈಲಾರಪ್ಪನವರಿಗೆ ಅದುವರೆಗೆ ಎಷ್ಟೋ ಜನರ ಬಗ್ಗೆ ಅಸಹ್ಯವಾಗಿತ್ತು; ತಮ್ಮ ಬಗ್ಗೆಯೇ ಆದದ್ದು ಇದೇ ಮೊದಲು. ಅವರು ಬೆಚ್ಚಿಬಿದ್ದರು.

ಶುಕ್ರವಾರ ಒಂಬತ್ತೂ ಯುನಿಟ್ಟುಗಳ ವಿಡಿಯೋ ಸಭೆ. ಟಿವಿಯ ಪರದೆಯಲ್ಲಿ ಮುಂಡರಗಿ, ಲಕ್ಷ್ಮೇಶ್ವರ, ಶಿರಹಟ್ಟಿಯ ಮ್ಯಾನೇಜರುಗಳು ಬಸ್ಸು ತಪ್ಪಿಸಿಕೊಂಡವರ ಮೋರೆ ಹೊತ್ತು ನಿಂತಿದ್ದರು. ನಯಾಜ ಸಾಹೇಬರು ಹುರುಪಿನಲ್ಲಿದ್ದರು.

"ಬೆಟಗೇರಿಯ ಮೈಲಾರಪ್ಪನವರೇ, ನೀವು ಹಿರಿಯರು. ನಿಂತು ಕೆಲಸ ಮಾಡಿದ ಅನುಭವ ಎಲ್ಲರಿಗೂ ಹೇಳಿ."

ಮೈಲಾರಪ್ಪನವರು ಟೋಪಿ ತೆಗೆದರು, ಮತ್ತೆ ಹಾಕಿಕೊಂಡರು.

"ಸಾಹೇಬರ, ಅದು ಲೀಡರ್‌ಶಿಪ್ ಅಲ್ರಿ. ಅದು ನಾನ್ರಿ."

"ಅಂದ್ರೆ?"

"ಆಕಿ ನನ್ನ ಸೊಸಿ. ಮಾವನ ಮುಂದ ಖುರ್ಚಿ ಮ್ಯಾಲ ಕುಂಡ್ರಬಾರದಂತ ನಿಂತಾಳ. ರಿಪೋರ್ಟ್ ತಡ ಆಗಿದ್ದೂ ಅದಕ್ಕರಿ. ನಾ ನೋಡಿಕೋತ ಕುಂತಿದ್ದೆ. ತಪ್ಪ ಆಕಿದಲ್ಲ."

ನೀಲಾಳ ಕೈಯಲ್ಲಿದ್ದ ಪೆನ್ನು ಕೆಳಗೆ ಬಿತ್ತು. ಮೊದಲು ಬಾಯಿ ಬಿಟ್ಟವರು ಮುಂಡರಗಿಯ ಮ್ಯಾನೇಜರು.

"ಹಂಗಾದ್ರ ನಮ್ಮ ಖುರ್ಚಿ ಯಾಕ ಒಯ್ದ್ರಿ ಸಾಹೇಬರ?"

ನಯಾಜ ಸಾಹೇಬರು ತೆರೆದ ಬಾಯಿಯನ್ನು ತೆರೆದಂತೆಯೇ ಹಿಡಿದು ಕೂತಿದ್ದರು. ನೆಟ್‌ವರ್ಕ್ ಹೋಗಿದೆಯೆಂದು ಎಲ್ಲರೂ ತಿಳಿದರು. ಹೋಗಿರಲಿಲ್ಲ. ಅವರು ಮಾತ್ರ ಖುರ್ಚಿಯ ಮೇಲೆ ಕೂತಿದ್ದಾರೆಂಬುದೂ ಆಗಲೇ ಎಲ್ಲರ ಕಣ್ಣಿಗೆ ಬಿದ್ದದ್ದು.

ಶನಿವಾರ ಮೈಲಾರಪ್ಪನವರು ಮನೆಗೆ ಹೋದ ಮೇಲೆ ಟೆಂಪೋ ಖುರ್ಚಿಗಳನ್ನು ಮರಳಿ ತಂದಿತು. ಸುದ್ದಿ ತಿಳಿದ ಅವರು ಭಾನುವಾರವಿಡೀ ಒಂದು ಭಾಷಣ ತಯಾರಿಸಿದರು: ಕಾಲ ಬದಲಾಗೈತಿ, ನಾನೂ ತಿಳದಾಂವ ಅದೀನಿ, ಇವತ್ತಿನಿಂದ ನನ್ನ ಮುಂದ ಕುಂಡ್ರಾಕ ನಿನಗ ಅಪ್ಪಣಿ ಕೊಟ್ಟೇನಿ. ಮರಿಯವ್ವನ ಮುಂದೆ ಎರಡು ಸಲ ಹೇಳಿಯೂ ತೋರಿಸಿದರು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೇಳಿದಳು. ಹೆಂಡತಿಗೆ ಕಣ್ಣೀರು ಬಂತೆಂದು ಅವರು ತಿಳಿದರು.

ಸೋಮವಾರ ಮತ್ತೊಮ್ಮೆ ಭಾಷಣ ತಿದ್ದುತ್ತ ಕಂಪನಿಯ ಬಸ್ಸು ತಪ್ಪಿಸಿಕೊಂಡು, ಟಂಟಂ ಹಿಡಿದು ಬಂದಿಳಿದರು. ನೆಟ್ಟಗೆ ಹೋಗಿ ಗಾಜಿನ ಬಾಗಿಲು ತಳ್ಳಿದರು. "ಕಾಲ..." ಎಂದವರು ಅಲ್ಲಿಗೇ ನಿಂತರು.

ನೀಲಾ ಕೂತಿದ್ದಳು. ತಿರುಗುವ ಖುರ್ಚಿಯಲ್ಲಿ ಬೆನ್ನು ಆನಿಸಿ, ಟೈಪ್ ಮಾಡುತ್ತ ಕೂತಿದ್ದಳು. ಅವರನ್ನು ನೋಡಿದಳು, ಏಳಲಿಲ್ಲ.

"ಬರ್ರಿ ಮಾವಾರ. ಕುಂಡ್ರಿ."

ಎದುರಿಗೊಂದು ಪ್ಲಾಸ್ಟಿಕ್ ಖುರ್ಚಿ ಇತ್ತು. ಕೂಡಬೇಕೋ ಬೇಡವೋ ಎಂದು ಯೋಚಿಸುವ ಮೊದಲೇ ಮೊಣಕಾಲು ತೀರ್ಮಾನ ಮಾಡಿ ಆಗಿತ್ತು.

"ಯಾವಾಗಿಂದ... ಕುಂತಿ?"

"ಶನಿವಾರ ಖುರ್ಚಿ ಬಂತಲ್ರಿ, ಆವಾಗಿಂದ. ನಿನ್ನೆನೂ ಬಂದು ಎಲ್ಲಾ ರಿಪೋರ್ಟ್ ಕಳಿಸೀನಿ. ಕಾಯಂ ಆಗತೈತಂತ ಸಾಹೇಬ್ರು ಈಗ ಫೋನ್ ಮಾಡಿದ್ರು."

"ನಿನ್ನೆ ತವರಮನಿಗೆ ಹೋಗ್ಯಾಳ ಅಂದ್ಲು ನಿಮ್ಮತ್ತಿ!"

ನೀಲಾ ಟೈಪ್ ಮಾಡುವುದನ್ನು ನಿಲ್ಲಿಸಿದಳು. "ಅಷ್ಟ ಮಂದಿ ಮುಂದ ನೀವ ಹೇಳಿದ್ರಿ ಮಾವಾರ. ಇನ್ನೂ ನಿಂತ್ರ ಜನ ನಿಮಗ ಬೈತಾರ," ಎಂದಳು. ದನಿ ಒಂದು ಗಳಿಗೆ ಮೆತ್ತಗಾಯಿತು. ಆಮೇಲೆ, "ಏನೋ ಹೇಳಾಕ ಬಂದಿದ್ರಿ?"

"ಏನಿಲ್ಲ," ಎಂದರು ಮೈಲಾರಪ್ಪನವರು.

"ಹಂಗಾದ್ರ ಹಾಜರಿ ಪುಸ್ತಕ ನೋಡ್ರಿ. ಒಂಬತ್ತರ ಮ್ಯಾಲ ಹತ್ತು ನಿಮಿಷ ಆಗೈತಿ."

ಅವರು ತಮ್ಮ ಟೇಬಲ್ಲಿಗೆ ಬಂದರು. ಸಾಗವಾನಿ ಖುರ್ಚಿ ಒಂದು ಕೈ ಸಡಿಲಾಗಿ ಮರಳಿತ್ತು. ಮೆಲ್ಲಗೆ ಕೂತು ಪುಸ್ತಕ ತೆರೆದರು. ಅವರು ಬರುವಷ್ಟರಲ್ಲಿ ಶಾಹಿಸ್ತಾ ಹಾಜರಿ ಹಾಕಿಟ್ಟಿದ್ದಳು; ಎಲ್ಲರೂ ಒಂಬತ್ತಕ್ಕೇ ಬಂದಿದ್ದರು, ಒಬ್ಬರ ಹೊರತು. ಮೈಲಾರಪ್ಪನವರು ಕೆಂಪು ಪೆನ್ನು ತೆಗೆದು, ಯಾರಾದರೂ ನೋಡುತ್ತಿದ್ದಾರೇನೋ ಎಂದು ಗಾಜಿನತ್ತ ಒಮ್ಮೆ ಕಣ್ಣು ಹಾಯಿಸಿ, ಹದಿಮೂರು ವರ್ಷದಲ್ಲಿ ಮೊದಲ ಬಾರಿಗೆ ತಮ್ಮ ಹೆಸರಿನ ಮುಂದೆ ಗೆರೆ ಎಳೆದರು. ಸ್ವಲ್ಪ ಸೊಟ್ಟಗೆ ಬಂತು. ಗಾಜಿನಾಚೆ ಯಾರೂ ತಲೆ ಎತ್ತಿರಲಿಲ್ಲ.