ಮೂರನೇ ಚಿತ್ರಕ್ಕೂ ನಾಲ್ಕನೇ ಚಿತ್ರಕ್ಕೂ ನಡುವೆ

ನಮ್ಮ ಡ್ರಿಲ್ ಟೀಚರ ಎಡಗೈ ಕಿರುಬೆರಳು ಮಡಚುತ್ತಿರಲಿಲ್ಲ. ಚಹಾದ ಲೋಟ ಹಿಡಿದರೂ, ಸೆರಗು ಸಿಕ್ಕಿಸಿದರೂ ಅದೊಂದು ಬೆರಳು ಹೊರಗೆ ಚಾಚಿಕೊಂಡೇ ಇರುತ್ತಿತ್ತು. ಕುರುಗೋಡಿನ ಹೈಸ್ಕೂಲಿನಲ್ಲಿ ನಾವು ಹುಡುಗಿಯರು ಅದನ್ನು ನೋಡಿ ಮುಸಿಮುಸಿ ನಗುತ್ತಿದ್ದೆವು. ಒಂದು ದಿನ ಅವರೇ ಹೇಳಿದರು: "ಇದು ಪುಸ್ತಕ ಓದಿ ಮುರಕಂಡಿದ್ದವ್ವ."

ಬಳ್ಳಾರಿಯಲ್ಲಿ ಕರಾಟೆ ಕಲಿಯುವಾಗ ಅವರಿಗೆ ಜಪಾನಿನ ಕೋಲುವಿದ್ಯೆಯ ಹುಚ್ಚು ಹಿಡಿದಿತ್ತು. ಆರಡಿಯ ಕೋಲಿಗೆ ಬೋ ಎನ್ನುತ್ತಾರೆ, ನಾಲ್ಕಡಿಯದಕ್ಕೆ ಜೋ. ಕಲಿಸುವವರು ಊರು ಬಿಟ್ಟ ಮೇಲೆ ಒಂದು ಇಂಗ್ಲಿಷ್ ಪುಸ್ತಕ ತರಿಸಿಕೊಂಡು ಒಬ್ಬರೇ ಕಲಿಯಲು ಹೊರಟರು. ಅದರಲ್ಲಿ ಒಂದು ಫೋಟೋ ಎಡಬಲ ತಿರುಗಿ ಅಚ್ಚಾಗಿತ್ತು. ಅದರಂತೆಯೇ ಹಿಡಿದು ಬೀಸಿದರು. ಬೆರಳು ಮುರಿಯಿತು. ಆಮೇಲೆ ಇಂಥ ಪುಸ್ತಕ ಎಲ್ಲಿ ಸಿಕ್ಕರೂ ತರುವುದು, ಪರೀಕ್ಷಿಸುವುದು ಅವರಿಗೆ ಚಟವಾಯಿತು.

ಪರೀಕ್ಷೆಯ ಕ್ರಮ ಸರಳ. ಕೋಲು ಮುಟ್ಟದವರೊಬ್ಬರನ್ನು ಅಂಗಳದಲ್ಲಿ ನಿಲ್ಲಿಸುವರು. ಪುಸ್ತಕದಲ್ಲಿ ಇದ್ದದ್ದನ್ನು ಇದ್ದಂತೆ ಗಟ್ಟಿಯಾಗಿ ಓದಿ ಹೇಳುವರು. ಕೇಳಿದವರ ಕೈಕಾಲು ಎಲ್ಲಿ ತಡವರಿಸುತ್ತದೋ ಅಲ್ಲಿ ಗೆರೆ ಎಳೆಯುವರು. ಬೆಲೆಬಾಳುವ ಕಾಗದ, ಬಣ್ಣದ ಚಿತ್ರ, ಬರೆದವರ ಹೆಸರಿನ ಹಿಂದಿನ ಬಿರುದು ಯಾವುದೂ ಲೆಕ್ಕಕ್ಕಿರಲಿಲ್ಲ. "ಮೂರನೇ ಚಿತ್ರದಾಗ ಕೋಲು ಬಲಗಡಿ ಐತಿ, ನಾಕನೇದ್ರಾಗ ಎಡಗಡಿ ಐತಿ. ನಡುವ ಕೈ ಏನ್ ಮಾಡ್ತು? ಏಟು ಬೀಳೋದು ಅಲ್ಲೇ" ಎನ್ನುತ್ತ ಅಂಗಳದ ಈ ತುದಿಯಿಂದ ಆ ತುದಿಗೆ ಓಡಾಡುವರು. ಅವರು ಕೂತು ಓದಿದ್ದನ್ನು ನಾನು ನೋಡಿಲ್ಲ.

ನಾನು ಓದು ಮುಗಿಸಿ ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಡಿಟಿಪಿ ಅಂಗಡಿ ಇಟ್ಟೆ. ಅನುವಾದವನ್ನೂ ಮಾಡುತ್ತಿದ್ದೆ. ಪರಿಚಯದ ಪ್ರಕಾಶಕರೊಬ್ಬರು ಹೆಣ್ಣುಮಕ್ಕಳಿಗಾಗಿ ಕೋಲುವಿದ್ಯೆಯ ಕೈಪಿಡಿಯೊಂದನ್ನು ಕನ್ನಡದಲ್ಲಿ ಮಾಡಿಕೊಡಲು ಕೇಳಿದರು. ಇಂಗ್ಲಿಷ್ ಪುಸ್ತಕಗಳನ್ನು ಮುಂದಿಟ್ಟುಕೊಂಡು ಎರಡು ತಿಂಗಳಲ್ಲಿ ಬರೆದೆ. ಟೀಚರ್ ಮೆಚ್ಚುತ್ತಾರೆಂಬ ಹಿಗ್ಗಿನಲ್ಲಿ ಕರಡು ಹಿಡಿದು ಕುರುಗೋಡಿಗೆ ಹೋದೆ.

ಅವರು ಎದುರು ಮನೆಯ ಅಂಗನವಾಡಿ ಕಾರ್ಯಕರ್ತೆಯನ್ನು ಕರೆದು ಕೈಗೆ ಕೋಲು ಕೊಟ್ಟು ನನಗೆ ಓದಲು ಹೇಳಿದರು. ಒಂಬತ್ತನೇ ಪುಟದಲ್ಲಿ ಕೋಲು ಬಲ ಹೆಗಲಿಂದ ಎಡಕ್ಕೆ ತಿರುಗಬೇಕು. ಅದು ಆಕೆಯ ಕಿವಿಗೆ ಬಡಿಯಿತು.

"ಬಲಗೈ ಬಿಡಬೇಕೋ, ಹಿಡಕಂಡೇ ಇರಬೇಕೋ? ನಿನ್ನ ಪುಸ್ತಕ ಹೇಳವಲ್ದು."

"ಮೂಲದಾಗೂ ಹಂಗೇ ಐತ್ರಿ, ಟೀಚರ್."

"ಮೂಲ ಬರದಾವ ಗುರುವಿನ ಮುಂದ ನಿಂತು ಕಲ್ತಾನ. ಇದನ್ನ ಓದಾಕಿ ಮುಂದ ಯಾರದಾರ?"

ಹದಿನಾಲ್ಕು ಪುಟಗಳಿಗೆ ಗೆರೆ ಬಿದ್ದವು. ಪುಸ್ತಕ ಬಿಡುಗಡೆಯ ದಿನ ಆಗಲೇ ನಿಗದಿಯಾಗಿತ್ತು. ನನಗೆ ಮುಖಭಂಗವಾಗಿತ್ತು. "ಮುಂದಿನ ಮುದ್ರಣದಾಗ ಸರಿ ಮಾಡ್ತೀನ್ರಿ" ಎಂದೆ.

"ಅಲ್ಲೀತನಕ ಓದೋರು ಕೈ ಕಟ್ಕಂಡು ಕುಂತಿರ್ತಾರೇನು?" ಎಂದರು.

ಪುಸ್ತಕ ಹಾಗೇ ಅಚ್ಚಾಯಿತು. ಸಮಾರಂಭದಲ್ಲಿ ನನಗೆ ಶಾಲು ಹೊದಿಸಿದರು. ನಾಲ್ಕು ತಿಂಗಳಿಗೆ ಸಿರುಗುಪ್ಪದಿಂದ ಒಂದು ಫೋನ್ ಬಂತು. ಅಕ್ಕಿ ಗಿರಣಿಯ ಆಫೀಸಿನಲ್ಲಿ ಕೆಲಸ ಮಾಡುವ ಹೆಂಗಸು. ಪುಸ್ತಕದ ಹಿಂದಿನ ನಂಬರು ನೋಡಿ ಮಾಡಿದ್ದರು. ಒಂಬತ್ತನೇ ಪುಟ ನೋಡಿ ಅಭ್ಯಾಸ ಮಾಡುವಾಗ ಕೋಲು ಬಾಯಿಗೆ ಬಡಿದು ಮುಂದಿನ ಹಲ್ಲು ಮುರಿದಿತ್ತು. ಜಗಳಕ್ಕೆ ಮಾಡಿದ ಫೋನ್ ಅಲ್ಲ ಅದು. "ನಾ ಎಲ್ಲಿ ತಪ್ಪಿದೆ, ಸ್ವಲ್ಪ ಹೇಳ್ತೀರೇನ್ರಿ?" ಎಂದು ಕೇಳಿದರು. ನಾನು ಏನೋ ತೊದಲಿ ಫೋನ್ ಇಟ್ಟೆ.

ಎರಡು ದಿನ ಅಂಗಡಿಯ ಬಾಗಿಲು ಹಾಕುತ್ತಿದ್ದೆ, ಮತ್ತೆ ತೆಗೆಯುತ್ತಿದ್ದೆ. ಮೂರನೇ ದಿನ ಕುರುಗೋಡಿಗೆ ಹೋಗಿ ಟೀಚರ ಮುಂದೆ ನಿಂತು ನಡೆದದ್ದನ್ನೆಲ್ಲ ಹೇಳಿದೆ. ಬೈದಿದ್ದರೆ ಹಗುರಾಗುತ್ತಿತ್ತು. ಅವರು ಚೀಲ ಹೆಗಲಿಗೆ ಹಾಕಿಕೊಂಡು, "ನಡಿ, ಸಿರುಗುಪ್ಪದ ಬಸ್ಸು ಸಿಗತೈತಿ" ಎಂದರು. ದಾರಿಯುದ್ದಕ್ಕೂ ಕಿಟಕಿಯಾಚೆ ಭತ್ತದ ಗದ್ದೆ ನೋಡುತ್ತ ಕೂತರು. ನಾನು ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ನೂರು ಸಲ ಕಟ್ಟಿ ಕೆಡವಿದೆ.

ಗಿರಣಿಯಲ್ಲಿ ವಿಚಾರಿಸಿ ಆ ಹೆಂಗಸಿನ ಮನೆ ಹುಡುಕಿದೆವು. ಅವರು ಸೆರಗನ್ನು ಬಾಯಿಗೆ ಅಡ್ಡ ಹಿಡಿದೇ ಮಾತಾಡಿದರು. "ನನಗ ಓದಿ ತಿಳಕಳಾಕ ಬರಲಿಲ್ರಿ. ಅಷ್ಟು ಚಂದಾಗಿ ಬರದೀರಿ."

ಟೀಚರ್ ನನ್ನ ಕಡೆ ತಿರುಗಿದರು.

"ತಪ್ಪು ನಿಮ್ದಲ್ರಿ" ಎಂದೆ. "ಪುಸ್ತಕದ್ದು. ಗೊತ್ತಿದ್ದೂ ಹಂಗೇ ಅಚ್ಚು ಹಾಕಿಸಿದೆ."

ಆಕೆ ಸೆರಗು ಕೆಳಗಿಳಿಸಿ, "ಹಂಗಾದ್ರ ಸರಿಯಾಗಿದ್ದು ಹೇಳ್ರಿ" ಎಂದರು.

ಅವರ ಅಂಗಳದಲ್ಲೇ ಒಂಬತ್ತನೇ ಪುಟವನ್ನು ಮತ್ತೆ ಬರೆದೆ. ನಾನು ಓದುವುದು, ಆಕೆ ಮಾಡುವುದು, ತಡವರಿಸಿದರೆ ಟೀಚರ್ "ಊಂಹೂಂ" ಎನ್ನುವುದು. ಏಳನೇ ಸಲಕ್ಕೆ ಕೋಲು ಸಲೀಸಾಗಿ ತಿರುಗಿತು. ಕೋಲು ತಿರುಗಿಸುವ ಆ ಒಂದು ಸಾಲು ಆರು ಸಾಲಾಗಿತ್ತು. ಐದು ಭಾನುವಾರ ಸಿರುಗುಪ್ಪಕ್ಕೆ ಹೋಗಿಬಂದು ಹದಿನಾಲ್ಕೂ ಪುಟ ಮುಗಿಸಿದೆವು. ಪ್ರಕಾಶಕರು ಗೊಣಗಿದರು. ಉಳಿದ ಪ್ರತಿಗಳಿಗೆಲ್ಲ ಹೊಸ ಹಾಳೆಗಳನ್ನು ನಾನೇ ಕೂತು ಅಂಟಿಸಿದೆ. ಆಗಲೇ ಮಾರಿಹೋದವು ಯಾರ ಯಾರ ಮನೆಯಲ್ಲಿವೆಯೋ, ಇಂದಿಗೂ ಗೊತ್ತಿಲ್ಲ.

ಹೋದ ವರ್ಷ ಟೀಚರಿಗೆ ಲಕ್ವ ಹೊಡೆಯಿತು. ಬಲಭಾಗ ಬಿದ್ದುಹೋಯಿತು. ಬಳ್ಳಾರಿಯ ಆಸ್ಪತ್ರೆಗೆ ದಿನವೂ ಹೋಗುತ್ತಿದ್ದೆ. ಒಂದು ಮಧ್ಯಾಹ್ನ ನರ್ಸಮ್ಮ ಕೈಯ ವ್ಯಾಯಾಮದ ಚೀಟಿಯೊಂದನ್ನು ಕೊಟ್ಟು ಹೋದರು. ಓದುವಂತೆ ಟೀಚರ್ ಕಣ್ಸನ್ನೆ ಮಾಡಿದರು.

"ಎಡಗೈಯಿಂದ ಬಲಗೈ ಮಣಿಕಟ್ಟು ಹಿಡಿಯಿರಿ. ನಿಧಾನವಾಗಿ ಎದೆಮಟ್ಟಕ್ಕೆ ಎತ್ತಿ. ನೋವಾದರೆ ಅಲ್ಲೇ ನಿಲ್ಲಿಸಿ. ಇಳಿಸುವಾಗಲೂ ಹಿಡಿದ ಕೈ ಬಿಡಬೇಡಿ."

ಓದಿದ ಹಾಗೆಯೇ ಮಾಡಿದರು. ಕೊನೆಯ ಸಾಲನ್ನು ಮತ್ತೊಮ್ಮೆ ಓದಿಸಿಕೊಂಡರು. ತುಟಿ ಒಂದು ಕಡೆ ಜಗ್ಗುತ್ತಿತ್ತು. "ಚಲೋ... ಬರದಾರ" ಎಂದರು.

ಅದಾಗಿ ನಾಲ್ಕನೇ ದಿನ ತೀರಿಕೊಂಡರು.

ಈಗ ನನ್ನ ಅಂಗಡಿಗೆ ಔಷಧ ಸಿಂಪಡಿಸುವ ಪಂಪಿನದು, ಕುಕ್ಕರಿನದು, ಹೊಲಿಗೆ ಯಂತ್ರದ್ದು, ಇಂಥ ಬಳಕೆಯ ಸೂಚನೆಗಳು ಅನುವಾದಕ್ಕೆ ಬರುತ್ತವೆ. ಬರೆದದ್ದನ್ನು ಹಿಡಿದು ಪಕ್ಕದ ಟೇಲರಿಂಗ್ ಅಂಗಡಿಯ ಅಕ್ಕನ ಹತ್ತಿರ ಹೋಗಿ ಗಟ್ಟಿಯಾಗಿ ಓದುತ್ತೇನೆ. ಓದಿದಂತೆ ಅವರು ಕೈ ಆಡಿಸುತ್ತಾರೆ. ಎಲ್ಲೋ ಒಂದು ಕಡೆ ಆ ಕೈ ಗಾಳಿಯಲ್ಲಿ ನಿಂತುಬಿಡುತ್ತದೆ. "ಒಂದ್ ನಿಮಿಷ ಇರ್ರಿ ಅಕ್ಕಾ" ಎಂದು ಆ ಸಾಲನ್ನು ಹೊಡೆದುಹಾಕಿ, ಅಲ್ಲೇ ನಿಂತು ಮತ್ತೆ ಬರೆಯುತ್ತೇನೆ.