ಕದಡಿದ ನೀರು

ಪೀಣ್ಯದ ಶೆಡ್ಡೊಂದರಲ್ಲಿ ಸಮುದ್ರದ ಹರಿವಿನಿಂದ ಕರೆಂಟ್ ತೆಗೆಯೋ ಟರ್ಬೈನಿನ ಪುಟ್ಟ ಮಾದರಿ ಮಾಡುತ್ತಿದ್ದರು. ಅದರ ರೆಕ್ಕೆಗಳನ್ನು ಉಜ್ಜಿ ನುಣುಪು ಮಾಡಿದವನು ನಾನು. ಯಾವ ಕೆಲಸದಲ್ಲೂ ನಿಲ್ಲದ ನನಗೆ ಇದು ಮಾತ್ರ ಹಿಡಿಸಿಬಿಟ್ಟಿತ್ತು. ಉದ್ದನೆಯ ತೊಟ್ಟಿಯಲ್ಲಿ ಗಾಜಿನಂಥ ನೀರು ಹರಿಯುತ್ತಿತ್ತು, ರೆಕ್ಕೆಗಳು ಸೊಗಸಾಗಿ ತಿರುಗುತ್ತಿದ್ದವು. ಇಂಜಿನಿಯರ್ ಮೇಡಂ ಬಂದು, "ಅಣ್ಣ, ಮುಂದೆ ಒಂದು ಜಾಲರಿ ನಿಲ್ಲಿಸಿ, ನೀರು ಕದಡ್ಲಿ" ಅಂದರು.

"ಚೆನ್ನಾಗಿ ಓಡ್ತಿದೆಯಲ್ಲ ಮೇಡಂ! ಮುರಿದ್ರೆ ಓನರ್ ನನ್ನ ಓಡಿಸ್ತಾರೆ."

"ಸಮುದ್ರ ಇಷ್ಟು ಸಾಧು ಅಲ್ಲ ಅಣ್ಣ."

ಜಾಲರಿ ಇಟ್ಟೆ. ನೀರಿನ ವೇಗ ಮೊದಲಿನಷ್ಟೇ ಇತ್ತು, ಆದರೆ ಸುಳಿಗಳೆದ್ದು ಕರೆಂಟ್ ಅಳೆಯೋ ಮೀಟರಿನ ಮುಳ್ಳು ಕುಣಿಯತೊಡಗಿತು. ಮಧ್ಯಾಹ್ನದ ಹೊತ್ತಿಗೆ ಒಂದು ರೆಕ್ಕೆ ಬುಡದಲ್ಲೇ ಪಟ್ ಅಂತ ಮುರಿಯಿತು. ಕೆಲಸ ಹೋಯ್ತು ಅಂತ ನಾನು ನನ್ನ ಬ್ಯಾಗಿನ ಕಡೆ ನೋಡಿದೆ. ಮೇಡಂ ಚಪ್ಪಾಳೆ ತಟ್ಟಿದರು!

"ಸಮುದ್ರದಲ್ಲಲ್ಲ, ಇಲ್ಲೇ ಮುರೀತಲ್ಲ, ಬಚಾವ್! ಬಸ್ಸು ಒಂದೇ ಸಮ ಹೋದ್ರೆ ಸೊಂಟಕ್ಕೇನೂ ಆಗಲ್ಲ. ಬ್ರೇಕ್ ಹಾಕ್ತಾ ಹಾಕ್ತಾ ಹೋದ್ರೆ? ಸುಳಿಯಲ್ಲಿ ರೆಕ್ಕೆಗೂ ಹಾಗೇ. ಬುಡ ದಪ್ಪ ಮಾಡೋಣ. ನಾಳೆ ಬೇಗ ಬನ್ನಿ."

ಸಂಜೆ ಲಗ್ಗೆರೆ ಬಸ್ಸಿನಲ್ಲಿ ನಿಂತೇ ಬಂದೆ. ಡ್ರೈವರ್ ಹಳ್ಳ ಹಳ್ಳಕ್ಕೂ ಬ್ರೇಕ್ ಒತ್ತಿದ. ದಿನಾ ಬೈಯೋ ನಾನು ಅವತ್ತು ಕಂಬಿ ಹಿಡಿದು ನಕ್ಕೆ. ಪಾಪ, ಅವನೂ ಏನೋ ಟೆಸ್ಟ್ ಮಾಡ್ತಿರಬೇಕು.